ಏಳೆಂಟು ಸಾವಿರ ನಾರ್ಮನ್ನರು ಇಡೀ ಇಂಗ್ಲೆಂಡನ್ನು ಹಿಡಿದಿಟ್ಟುಕೊಂಡದ್ದು ಹೇಗೆ? ನನ್ನ ವಿದ್ಯಾರ್ಥಿಯ ಪ್ರಶ್ನೆ

ಇಂಗ್ಲಿಷ್ ಟೀಚರ್, ಮುಧೋಳ

ಎಲ್ಲರಿಗೂ ನಮಸ್ಕಾರ. ಮುಧೋಳ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಇತಿಹಾಸ ನನ್ನ ವಿಷಯ ಅಲ್ಲ. ಆದರೆ ಹೋದ ವಾರ ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಲೇ ಇಲ್ಲ.

ಕೋರ್ಟ್, ಜಡ್ಜ್, ಜೈಲ್, ಟ್ಯಾಕ್ಸ್ ಇವೆಲ್ಲ ಮೂಲದಲ್ಲಿ ಇಂಗ್ಲಿಷ್ ಮಾತಲ್ಲ, ಫ್ರೆಂಚಿನಿಂದ ಬಂದವು ಅಂತ ಹೇಳುತ್ತಿದ್ದೆ. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮಂಡಿಯ ಡ್ಯೂಕ್ ವಿಲಿಯಂ ಕಡಲು ದಾಟಿ ಬಂದ, ಅಕ್ಟೋಬರ್ 14ರಂದು ಹೇಸ್ಟಿಂಗ್ಸ್‌ನಲ್ಲಿ ಹೆರಾಲ್ಡ್ ರಾಜನನ್ನು ಸೋಲಿಸಿದ, ಅದೇ ವರ್ಷ ಕ್ರಿಸ್‌ಮಸ್ ದಿನ ಕಿರೀಟ ಇಟ್ಟುಕೊಂಡ. ಇಷ್ಟು ಹೇಳಿ ಬೋರ್ಡ್ ಒರೆಸುವುದಕ್ಕೆ ತಿರುಗಿದೆ. ಹಿಂದಿನ ಬೆಂಚಿನಿಂದ ಕೈ ಎದ್ದಿತು. "ಅಕ್ಕೋರೆ, ಅವರು ಎಷ್ಟು ಮಂದಿ ಬಂದಿದ್ದರು?" ಏಳೆಂಟು ಸಾವಿರ ಇರಬಹುದು ಅಂದೆ. "ಅಲ್ಲಿ ಇದ್ದವರು?" ಹದಿನೈದು ಇಪ್ಪತ್ತು ಲಕ್ಷ. ಹುಡುಗ ಸುಮ್ಮನೆ ಕೂರಲಿಲ್ಲ. "ನಮ್ಮ ಹಲಗಲಿಯವರು ಹತಾರ ಕೊಡುವುದಿಲ್ಲ ಅಂತ ಕಂಪನಿ ಸರ್ಕಾರದ ಎದುರು ನಿಂತರು. ಅಷ್ಟು ಲಕ್ಷ ಜನ ಯಾಕೆ ನಿಲ್ಲಲಿಲ್ಲ?"

ಹಲಗಲಿ ನಮಗೆ ದೂರದ ಊರಲ್ಲ. ಅಲ್ಲಿಂದ ಬರುವ ಮಕ್ಕಳು ನನ್ನ ಕ್ಲಾಸಿನಲ್ಲೇ ಇದ್ದಾರೆ. 1857ರಲ್ಲಿ ಬೇಡರು ಬಿದ್ದದ್ದು, ಊರು ಸುಟ್ಟದ್ದು ಅವರಿಗೆ ಲಾವಣಿಯಿಂದ ಗೊತ್ತು. ಆ ಮಕ್ಕಳ ಮುಂದೆ "ಯುದ್ಧ ಗೆದ್ದರು, ಆಳಿದರು" ಅಂದರೆ ಸಾಲುವುದಿಲ್ಲ. ಒಂದು ದಿನದ ಯುದ್ಧ ಗೆದ್ದವರು ಮರುದಿನದಿಂದ ಏನು ಮಾಡಿದರು? ಭಾಷೆ ಬಾರದ ನಾಡಿನಲ್ಲಿ, ಹಳ್ಳಿ ಹಳ್ಳಿಯಲ್ಲಿ ಹಿಡಿತ ಹೇಗೆ ಬಂತು? ತಿಳಿದವರು ಬಿಡಿಸಿ ಹೇಳಿ. ಮುಂದಿನ ಸೋಮವಾರ ಆ ಹುಡುಗನಿಗೆ ಉತ್ತರ ಕೊಡಬೇಕು.

ಮಣ್ಣು ಕೆಲಸದವ, ವಿಜಯಪುರ

ಅಕ್ಕೋರೆ, ನಾನು ಸಿವಿಲ್ ಕೆಲಸ ಹಿಡಿಯುವವನು. ಹಾಗಾಗಿ ನನಗೆ ಮೊದಲು ಕಾಣುವುದು ಮಣ್ಣಿನ ದಿಬ್ಬ.

ನಾರ್ಮನ್ನರು ಹೋದಲ್ಲೆಲ್ಲ ಮೊದಲು ಮಾಡಿದ ಕೆಲಸ ಅಂದರೆ ಕೋಟೆ. ನಮ್ಮ ವಿಜಯಪುರದ ಥರ ಕಲ್ಲಿನ ಕೋಟೆ ಅಂದುಕೊಳ್ಳಬೇಡಿ. ದುಂಡಗೆ ಕಂದಕ ತೋಡುವುದು. ತೋಡಿದ ಮಣ್ಣನ್ನು ನಡುವೆ ಒಟ್ಟಿ ದಿಬ್ಬ ಮಾಡುವುದು. ತುದಿಯಲ್ಲಿ ಕಟ್ಟಿಗೆಯ ಗೋಪುರ. ಕೆಳಗೆ ಕಟ್ಟಿಗೆ ಬೇಲಿಯ ಅಂಗಳ, ಅದರಲ್ಲಿ ಕುದುರೆ, ಸೈನಿಕರು, ಉಗ್ರಾಣ. ಬೇಯೋ ಕಸೂತಿ ಬಟ್ಟೆ ಅಂತ ಒಂದಿದೆ. ಆ ದಂಡಯಾತ್ರೆಯ ಕತೆಯನ್ನೇ ದಾರದಲ್ಲಿ ಹೊಲಿದದ್ದು, ಸುಮಾರು 70 ಮೀಟರ್ ಉದ್ದ. ಅದರಲ್ಲಿ ಹೇಸ್ಟಿಂಗ್ಸ್‌ನ ದಿಬ್ಬ ಏಳುವುದನ್ನು ತೋರಿಸಿದ್ದಾರೆ, ಸಲಿಕೆ ಹಿಡಿದವರು ಮಣ್ಣು ಎಸೆಯುತ್ತಿದ್ದಾರೆ. ದಿಬ್ಬದಲ್ಲಿ ಅಡ್ಡಡ್ಡ ಪಟ್ಟಿಗಳಿವೆ. ನಮ್ಮಲ್ಲಿ ಮುರುಮು ಹಾಕಿ, ನೀರು ಹೊಡೆದು, ಧಮ್ಮಸು ಮಾಡಿ, ಮತ್ತೆ ಮೇಲೆ ಮುರುಮು ಹಾಕುತ್ತೇವಲ್ಲ, ನೋಡಿದ ಕೂಡಲೇ ನನಗೆ ಅದೇ ನೆನಪಾಯಿತು.

ಇದರ ಲಾಭ ಏನು ಅಂದರೆ ಗೌಂಡಿ ಬೇಡ, ಕಲ್ಲು ಬೇಡ, ಸುಣ್ಣ ಬೇಡ. ಸಲಿಕೆ, ಕೊಡಲಿ, ಬಿಟ್ಟಿ ಆಳು ಇದ್ದರೆ ಆಯಿತು. ಆಳು ಯಾರು? ಆ ಊರಿನ ಸ್ಯಾಕ್ಸನ್ ರೈತರೇ, ಅಂದರೆ ಮೊದಲಿನಿಂದ ಅಲ್ಲಿದ್ದ ಇಂಗ್ಲಿಷರೇ. ತಮ್ಮ ಮೇಲೆ ಕಣ್ಣಿಡುವ ದಿಬ್ಬವನ್ನು ತಾವೇ ಹೊತ್ತು ಒಟ್ಟಿದರು. ಯಾರ್ಕ್ ಪಟ್ಟಣದಲ್ಲಿ 1068ರಲ್ಲಿ ಒಂದು ಕೋಟೆ. ಮರುವರ್ಷ ದಂಗೆ ಎದ್ದಾಗ ರಾಜ ಎಂಟು ದಿನ ಅಲ್ಲೇ ನಿಂತು ಎರಡನೆಯದನ್ನು ಕಟ್ಟಿಸಿದ. ಲಿಂಕನ್ ಪಟ್ಟಣದಲ್ಲಿ ಕೋಟೆಗೆ ಜಾಗ ಮಾಡಲು 166 ಮನೆ ಕೆಡವಿದರು. ಆ ಮನೆಗಳ ಎಣಿಕೆ ಅವರ ದಫ್ತರದಲ್ಲೇ ಬರೆದಿದೆ.

ನಮ್ಮ ವಿಜಯಪುರದ ಕೋಟೆ ಗೋಡೆ ಇಡೀ ಊರನ್ನು ಸುತ್ತಿಕೊಂಡಿದೆ. ಉಪ್ಪಲಿ ಬುರುಜಿನ ಮೇಲೆ ಹತ್ತಿ ನಿಂತರೆ ತೋಪಿನ ಬಾಯಿ ದೂರಕ್ಕೆ ಮುಖ ಮಾಡಿದೆ, ಹೊರಗಿನಿಂದ ಬರುವ ವೈರಿಗೆ. ಆ ಇಂಗ್ಲೆಂಡಿನ ದಿಬ್ಬಗಳು ಊರೊಳಗೇ ಕೂತು ಊರನ್ನೇ ನೋಡುತ್ತಿದ್ದವು. ಸಂತೆಗೆ ಹೋಗುವವನು, ನದಿ ದಾಟುವವನು, ಎಲ್ಲರೂ ಅದರ ಕೆಳಗೇ ಹಾಯಬೇಕು. ಐವತ್ತು ಕುದುರೆ ಸವಾರರು ಒಳಗಿದ್ದರೆ ಸುತ್ತಲಿನ ಹತ್ತು ಹಳ್ಳಿಯಲ್ಲಿ ಗುಂಪು ಸೇರುವುದು ಕಷ್ಟ.

ನಿವೃತ್ತ ಮೋಜಣಿದಾರ, ಬೈಲಹೊಂಗಲ

ತಂಗೀ, ನಿಮ್ಮ ಹುಡುಗನ ಪ್ರಶ್ನೆ ಓದಿ ಬಹಳ ಖುಷಿ ಆಯಿತು. ಅವನ ಬೆನ್ನು ತಟ್ಟಿರಿ.

ನಾನು ಮೂವತ್ತನಾಲ್ಕು ವರ್ಷ ಸರಪಳಿ ಹಿಡಿದು ಹೊಲ ಅಳೆದವನು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. ಇತಿಹಾಸದ ಪುಸ್ತಕ ಸಿಕ್ಕರೆ ಯುದ್ಧದ ಪುಟ ಬೇಗ ಬೇಗ ತಿರುವಿ, ಹೊಲ ಯಾರ ಹೆಸರಿಗೆ ಹೋಯಿತು ಅಂತ ಹುಡುಕುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅಂತ ನನ್ನ ಗಟ್ಟಿ ನಂಬಿಕೆ.

ಮೊದಲು ನೋಡಿ, ಹೇಸ್ಟಿಂಗ್ಸ್‌ನಲ್ಲಿ ಹೆರಾಲ್ಡ್ ಒಬ್ಬನೇ ಸಾಯಲಿಲ್ಲ. ಅವನ ಇಬ್ಬರು ತಮ್ಮಂದಿರು, ಗಿರ್ತ್ ಮತ್ತು ಲಿಯೋಫ್‌ವೈನ್, ಅದೇ ದಿನ ಸತ್ತರು. ಜೊತೆಗೆ ಎಷ್ಟೋ ಜನ ದೊಡ್ಡ ಹಿಡುವಳಿದಾರರು. ಜನರನ್ನು ಕರೆದು ನಿಲ್ಲಿಸಬಲ್ಲ ಮನೆತನಗಳೇ ಒಂದು ಸಂಜೆಯೊಳಗೆ ಖಾಲಿ. ವಿಲಿಯಂ ಒಂದು ಮಾತು ಹೇಳಿದ: ಹೆರಾಲ್ಡನಿಗಿಂತ ಮೊದಲು ಆಳಿದ ಎಡ್ವರ್ಡ್ ರಾಜನ ನಿಜವಾದ ವಾರಸುದಾರ ನಾನೇ, ನನ್ನ ಎದುರು ನಿಂತವರು ದ್ರೋಹಿಗಳು, ಅವರ ಭೂಮಿ ಜಪ್ತಿ.

ಜಪ್ತಿ ಮಾಡಿದ್ದನ್ನು ಹಂಚಿದ ರೀತಿ ನೋಡಬೇಕು. ಗೆರೆ ಎಳೆದು ನಿನಗಿಷ್ಟು ನನಗಿಷ್ಟು ಅಂತ ಕತ್ತರಿಸಲಿಲ್ಲ. ಸತ್ತ ಅಥವಾ ಓಡಿಹೋದ ಒಬ್ಬ ಸ್ಯಾಕ್ಸನ್ ಧಣಿಯ ಪೂರ್ತಿ ಖಾತೆಯನ್ನು ಎತ್ತಿ ಒಬ್ಬ ನಾರ್ಮನ್ನನ ಹೆಸರಿಗೆ ಬರೆದರು. ಅಸ್ಗಾರ್ ಎಂಬ ದೊಡ್ಡ ಮನುಷ್ಯನ ಆಸ್ತಿ ಜೆಫ್ರಿ ಡಿ ಮ್ಯಾಂಡೆವಿಲ್‌ಗೆ ಹೋಯಿತು. ಅಸ್ಗಾರನಿಗೆ ಯಾವ ಯಾವ ಜಿಲ್ಲೆಯಲ್ಲಿ ಎಷ್ಟು ಬರಬೇಕಿತ್ತೋ ಅದೆಲ್ಲ ಜೆಫ್ರಿಗೆ. ಇದರಲ್ಲಿ ರಾಜನಿಗೆ ಎರಡು ಅನುಕೂಲ. ಹೊಸ ಧಣಿಯ ಹಳ್ಳಿಗಳು ಬಹಳ ಕಡೆ ಚದುರಿ ಹೋಗಿರುತ್ತವೆ, ಒಂದೇ ಕಡೆ ಬೇರು ಬಿಟ್ಟು ರಾಜನ ಮೇಲೇ ಏಳುವುದು ಸುಲಭ ಅಲ್ಲ. ಎರಡನೆಯದು, "ಅವನಿಗೆ ಏನು ಸಲ್ಲುತ್ತಿತ್ತೋ ಅದು ನನಗೆ ಸಲ್ಲಬೇಕು" ಅಂತ ಕೇಳಲು ಹಳೆಯ ಹಕ್ಕೇ ಆಧಾರ ಆಗುತ್ತದೆ. ವೇಲ್ಸ್ ಗಡಿಯಲ್ಲಿ ಮಾತ್ರ ಬೇರೆ ಥರ ಮಾಡಿದ. ಅಲ್ಲಿ ಚೆಸ್ಟರ್, ಶ್ರೂಸ್‌ಬರಿ, ಹೆರೆಫೋರ್ಡ್‌ಗಳಲ್ಲಿ ನಂಬಿಗಸ್ತರಿಗೆ ಒಟ್ಟಾದ ದೊಡ್ಡ ಸೀಮೆಗಳನ್ನೇ ಕೊಟ್ಟು ಕಾಯಲು ಇಟ್ಟ.

ಕಚೇರಿಗಳನ್ನೂ ಅವನು ಒಡೆಯಲಿಲ್ಲ. ಷೈರ್ ಅಂದರೆ ಜಿಲ್ಲೆ, ಹಂಡ್ರೆಡ್ ಅಂದರೆ ನಮ್ಮ ಹೋಬಳಿ ಇದ್ದ ಹಾಗೆ. ಜಿಲ್ಲೆಗೆ ಒಬ್ಬ ಶೆರಿಫ್. ಗೆಲ್ಡ್ ಅಂತ ಭೂಕಂದಾಯ. ಇದೆಲ್ಲ ಸ್ಯಾಕ್ಸನ್ನರು ಕಟ್ಟಿದ ವ್ಯವಸ್ಥೆ. ಆ ಕಾಲದ ಯುರೋಪಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಕಂದಾಯ ಎತ್ತುವ ರಾಜ್ಯ ಅಪರೂಪ. ವಿಲಿಯಂ ಅದನ್ನು ಹಾಗೇ ಉಳಿಸಿಕೊಂಡ. ಖುರ್ಚಿ ಅದೇ, ಕೂತವನು ಬದಲಾದ. ಕೆಲವೇ ವರ್ಷಗಳಲ್ಲಿ ಶೆರಿಫರು ಹೆಚ್ಚೂಕಡಿಮೆ ಎಲ್ಲರೂ ನಾರ್ಮನ್ನರು. ನಮ್ಮ ಕಡೆ ನೋಡಿ, ಆದಿಲ್‌ಶಾಹಿ ಬಂತು, ಪೇಶ್ವೆ ಬಂದರು, ಕಂಪನಿ ಬಂತು. ಚಾವಡಿಯಲ್ಲಿ ಗೌಡ, ಕುಲಕರ್ಣಿ ಹಾಗೇ ಉಳಿದರು. ಹೊಸ ದೊರೆಗೆ ಊರಿನ ಲೆಕ್ಕ ಗೊತ್ತಿರುವವನು ಬೇಕೇ ಬೇಕು. ಹೊಲದಲ್ಲಿ ರೆಂಟೆ ಹೊಡೆಯುವ ರೈತನೂ ಹಳಬನೇ. ರಾಜ ಬದಲಾದದ್ದು ಅವನಿಗೆ ತಿಳಿಯುವುದು ಸುಗ್ಗಿಯಲ್ಲಿ, ರಾಶಿ ಅಳೆಯಲು ಬಂದವನ ಮಾತು ಅರ್ಥ ಆಗದೆ ಹೋದಾಗ.

ಈಗ ನನಗೆ ಬಹಳ ಪ್ರೀತಿಯ ವಿಷಯಕ್ಕೆ ಬರುತ್ತೇನೆ. 1085ರ ಕ್ರಿಸ್‌ಮಸ್ ಹೊತ್ತಿಗೆ ಗ್ಲಾಸ್ಟರ್‌ನಲ್ಲಿ ಸಭೆ ಕೂಡಿಸಿ ವಿಲಿಯಂ ಇಡೀ ನಾಡಿನ ದಾಖಲೆ ಮಾಡಲು ಹುಕುಂ ಕೊಟ್ಟ. ಮರುವರ್ಷ 1086ರಲ್ಲಿ ಕೆಲಸ ನಡೆಯಿತು. 13,000ಕ್ಕೂ ಹೆಚ್ಚು ಊರುಗಳು. ಅದೇ ಡೂಮ್ಸ್‌ಡೇ ಪುಸ್ತಕ. ಕೊನೆಯ ತೀರ್ಪಿನ ದಿನಕ್ಕೆ ಹೇಗೆ ಅಪೀಲು ಇಲ್ಲವೋ ಹಾಗೆ ಇದಕ್ಕೂ ಇಲ್ಲ ಅಂತ ಜನ ಇಟ್ಟ ಹೆಸರು. ಅಧಿಕಾರಿಗಳು ಹೋಬಳಿ ಹೋಬಳಿಯ ಪಂಚರನ್ನು ಕರೆಸಿದರು. ಅರ್ಧ ಜನ ಇಂಗ್ಲಿಷರು, ಅರ್ಧ ಜನ ಫ್ರೆಂಚರು. ಪ್ರಮಾಣ ಮಾಡಿಸಿ ಕೇಳಿದರು: ಎಡ್ವರ್ಡ್ ರಾಜನ ಕಾಲದಲ್ಲಿ ಈ ಊರು ಯಾರದಿತ್ತು? ಈಗ ಯಾರದು? ಎಷ್ಟು ನೇಗಿಲು? ಎಷ್ಟು ಜೀತದಾಳು? ಹುಲ್ಲುಗಾವಲು ಎಷ್ಟು, ಗಿರಣಿ ಎಷ್ಟು? ಆಗ ಬೆಲೆ ಎಷ್ಟಿತ್ತು, ಈಗ ಎಷ್ಟು? ಒಂದು ಎತ್ತು, ಒಂದು ಆಕಳು, ಒಂದು ಹಂದಿಯನ್ನೂ ಬಿಡದೆ ಬರೆದುಕೊಂಡರು, ಹೇಳಲು ನಾಚಿಕೆ ಆಗುತ್ತದೆ ಅಂತ ಆ ಕಾಲದ ಸ್ಯಾಕ್ಸನ್ ಬರಹಗಾರ ಸಂಕಟಪಟ್ಟಿದ್ದಾನೆ.

ಅವರ ಅಳತೆಯ ಹೆಸರು ಹೈಡ್. ಭೂಮಿಯನ್ನು ಎಂಟೆತ್ತಿನ ನೇಗಿಲಿನ ಲೆಕ್ಕದಲ್ಲಿ ಹೇಳುವುದೂ ಇತ್ತು. ನಮ್ಮ ಎರೆ ಹೊಲದಲ್ಲಿ ಕರಿಕೆ ಕೀಳಬೇಕಾದರೆ ಹಿಂದೆ ದೊಡ್ಡ ನೇಗಿಲಿಗೆ ನಾಲ್ಕು ಜೋಡಿ ಎತ್ತು ಹೂಡುತ್ತಿದ್ದರು, ಅದೂ ಎಂಟೇ ಅಲ್ವಾ. ಹೊಲ ಎಷ್ಟು ಅಂತ ಕೇಳಿದರೆ ಎಕರೆ ಹೇಳದೆ ಇಷ್ಟು ಕೂರಿಗೆ ಅನ್ನುವ ಹಿರಿಯರನ್ನು ನಾನೇ ಎಷ್ಟೋ ಸಲ ಮಾತಾಡಿಸಿದ್ದೇನೆ. ಹೀಗಾಗಿ ಆ ಪುಸ್ತಕ ನನಗೆ ಪರದೇಶದ್ದು ಅನ್ನಿಸುವುದಿಲ್ಲ.

ಎರಡು ಜಾಗ ನಿಮ್ಮ ಮಕ್ಕಳಿಗೆ ತಪ್ಪದೆ ಹೇಳಿರಿ. ಒಂದು, ಆ ಪುಸ್ತಕ ಹೆರಾಲ್ಡನನ್ನು ಹೆಚ್ಚೂಕಡಿಮೆ ಎಲ್ಲೂ ರಾಜ ಅನ್ನುವುದಿಲ್ಲ, ಅರ್ಲ್ (ರಾಜನ ಕೆಳಗಿನ ದೊಡ್ಡ ಸರದಾರ) ಹೆರಾಲ್ಡ್ ಅಂತಲೇ ಬರೆಯುತ್ತದೆ. ಎಡ್ವರ್ಡ್ ರಾಜನ ಕಾಲ, ಆಮೇಲೆ ವಿಲಿಯಂ ರಾಜನ ಕಾಲ. ನಡುವೆ ಒಂಬತ್ತು ತಿಂಗಳು ಆಳಿದವನನ್ನು ದಾಖಲೆಯಿಂದ ತೆಗೆದೇ ಹಾಕಿದರು. ದಾಖಲೆಯಲ್ಲಿ ಹೆಸರು ತಪ್ಪಿದರೆ ಏನಾಗುತ್ತದೆ ಅಂತ ವಾಟ್ನಿಯಲ್ಲಿ, ಅಂದರೆ ಆಸ್ತಿ ಪಾಲಿನಲ್ಲಿ, ಹೆಸರು ಬಿಟ್ಟುಹೋದ ಅಣ್ಣತಮ್ಮಂದಿರನ್ನು ಕೇಳಿ ನೋಡಿರಿ.

ಎರಡನೆಯದು, ಬಕಿಂಗ್‌ಹ್ಯಾಂ ಸೀಮೆಯಲ್ಲಿ ಮಾರ್ಷ್ ಗಿಬ್ಬನ್ ಅಂತ ಒಂದು ಹಳ್ಳಿ. ಅಲ್ಲಿ ಎಲ್ರಿಕ್ ಅನ್ನುವ ಸ್ಯಾಕ್ಸನ್ ಇದ್ದ. ಎಡ್ವರ್ಡ್ ರಾಜನ ಕಾಲದಲ್ಲಿ ಆ ಭೂಮಿ ಅವನದೇ. 1086ರಲ್ಲಿ ಅದೇ ಭೂಮಿಯನ್ನು ಒಬ್ಬ ನಾರ್ಮನ್ ಧಣಿಯಿಂದ ಗುತ್ತಿಗೆಗೆ ಹಿಡಿದಿದ್ದಾನೆ. ಅಷ್ಟು ಬರೆದು ಗುಮಾಸ್ತ ಲ್ಯಾಟಿನ್‌ನಲ್ಲಿ ಇನ್ನೊಂದು ಮಾತು ಸೇರಿಸಿದ: ಗ್ರಾವಿಟರ್ ಎತ್ ಮಿಸೆರಾಬಿಲಿಟರ್. ಬಹಳ ಕಷ್ಟದಿಂದ, ದೀನನಾಗಿ. ಸರ್ಕಾರಿ ದಫ್ತರದಲ್ಲಿ ನೇಗಿಲು, ಎತ್ತು, ಶಿಲ್ಲಿಂಗ್ ಲೆಕ್ಕದ ನಡುವೆ ಒಬ್ಬ ಮನುಷ್ಯನ ಉಸಿರು ಸಿಕ್ಕಿಕೊಂಡಿದೆ. ನಾನು ಎಷ್ಟೋ ಉತಾರ ಬರೆದವನು. ತನ್ನದೇ ಹೊಲದ ಬಾಂದುಕಲ್ಲಿನ ಮೇಲೆ ಕೂತು, ಗುತ್ತಿಗೆಗೆ ಮಾಡುತ್ತೇನೆ ಅಂತ ನೆಲ ನೋಡಿಕೊಂಡು ಹೇಳಿದ ರೈತರನ್ನು ಕಂಡವನು. ನಮ್ಮ ನಮೂನೆಯಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ. ಆ ಗುಮಾಸ್ತ ಯಾರೋ ಏನೋ, ಅವನಿಗೆ ನನ್ನ ನಮಸ್ಕಾರ.

ಆ ಹೊತ್ತಿಗೆ ರಾಜನಿಂದ ನೇರವಾಗಿ ದೊಡ್ಡ ಹಿಡುವಳಿ ಪಡೆದ ಇಂಗ್ಲಿಷರು ಇಬ್ಬರೇ ಉಳಿದಿದ್ದರು, ಆರ್ಡೆನ್‌ನ ಥರ್ಕಿಲ್ ಮತ್ತು ಲಿಂಕನ್‌ನ ಕೋಲ್ಸ್‌ವೈನ್. ಇಪ್ಪತ್ತು ವರ್ಷದಲ್ಲಿ ಒಂದು ನಾಡಿನ ಧಣಿಗಳೆಲ್ಲ ಬದಲಾದರು.

ಸಂಗೊಳ್ಳಿ ನಮ್ಮ ತಾಲ್ಲೂಕು. ರಾಯಣ್ಣ ಕಂಪನಿಯ ಮೇಲೆ ಎದ್ದಾಗ ಕಚೇರಿಗಳಿಗೆ ಬೆಂಕಿ ಇಟ್ಟ, ಕಾಗದಪತ್ರ ಸುಟ್ಟ. ಹಿಡಿತ ಎಲ್ಲಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇಂಗ್ಲಿಷ್ ಟೀಚರ್, ಮುಧೋಳ

ಕಾಕಾ, ಎಲ್ರಿಕ್‌ನ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ತುಂಬಾ ಉಪಕಾರ ಆಯಿತು. ಆದರೆ ಹುಡುಗನ ಪ್ರಶ್ನೆ ಇನ್ನೂ ಅರ್ಧ ಉಳಿದಿದೆ. ಜನ ಯಾಕೆ ಏಳಲಿಲ್ಲ? ಯಾರ್ಕ್‌ನಲ್ಲಿ ದಂಗೆ ಆಯಿತು ಅಂತ ವಿಜಯಪುರದ ಅಣ್ಣ ಬರೆದಿದ್ದಾರೆ. ಅದು ಏನಾಯಿತು?

ಜೋಳದ ಹೊಲದವಳು, ಸಿಂದಗಿ

ಎದ್ದರು ಅಕ್ಕಾ. ಒಂದಲ್ಲ, ಎಷ್ಟೋ ಸಲ. 1068ರಲ್ಲಿ ಎಕ್ಸೆಟರ್ ಪಟ್ಟಣ 18 ದಿನ ಬಾಗಿಲು ಹಾಕಿಕೊಂಡು ನಿಂತಿತು, ಹೆರಾಲ್ಡನ ತಾಯಿ ಗೀತಾ ಅಲ್ಲೇ ಇದ್ದಳು. (ಹೌದು, ಗೀತಾ! ನಮ್ಮ ಹೆಸರಿನ ಹಾಗೇ ಕೇಳುತ್ತದೆ.) 1069ರ ಜನವರಿಯಲ್ಲಿ ಡರ್ಹ್ಯಾಂನಲ್ಲಿ ವಿಲಿಯಂ ಕಳಿಸಿದ ಹೊಸ ಅರ್ಲ್‌ನನ್ನು ಸೈನಿಕರ ಸಮೇತ ಕೊಂದರು. ಅದೇ ವರ್ಷ ಡೇನರ, ಅಂದರೆ ಡೆನ್ಮಾರ್ಕಿನವರ, ಹಡಗುಪಡೆ ಬಂತು, ಉತ್ತರದವರು ಅವರ ಜೊತೆ ಸೇರಿ ಯಾರ್ಕ್ ಹಿಡಿದರು. ಈಲಿಯ ಜೌಗು ನಾಡಿನಲ್ಲಿ ಹೆರೆವರ್ಡ್ ಅನ್ನುವವನು 1071ರವರೆಗೆ ಅಡಗಿ ಹೋರಾಡಿದ. ಆದರೆ ಎಲ್ಲರೂ ಒಂದೇ ಹೊತ್ತಿಗೆ ಏಳಲಿಲ್ಲ. ಒಬ್ಬನನ್ನು ಹತ್ತಿಕ್ಕಿ ಮುಗಿಸುವ ಹೊತ್ತಿಗೆ ಇನ್ನೊಬ್ಬ. ಎಲ್ಲರೂ ಒಪ್ಪುವ ಒಬ್ಬ ರಾಜನೂ ಇರಲಿಲ್ಲ.

ಉತ್ತರದ ದಂಗೆಗೆ ಕೊಟ್ಟ ಉತ್ತರ ಮಾತ್ರ ಬರೆಯಲು ಕೈ ಬರುವುದಿಲ್ಲ. 1069ರ ಚಳಿಗಾಲದಲ್ಲಿ ವಿಲಿಯಂ ಡೇನರಿಗೆ ಹಣ ಕೊಟ್ಟು ದೂರ ಇಟ್ಟ. ಆಮೇಲೆ ಸೈನ್ಯವನ್ನು ಹಳ್ಳಿಗಳ ಮೇಲೆ ಬಿಟ್ಟ. ಮನೆ ಸುಟ್ಟರು. ದನ ಕೊಂದರು. ಕಣಜದ ಕಾಳು, ಬಿತ್ತುವ ಬೀಜ, ನೇಗಿಲು, ಎಲ್ಲ ಒಟ್ಟಿ ಬೆಂಕಿ ಹಾಕಿದರು.

ಬೀಜ ಸುಟ್ಟರು ಅನ್ನುವುದನ್ನು ಓದಿದಾಗ ನನಗೆ ನಮ್ಮ ಅಜ್ಜಿ ನೆನಪಾದಳು. ನಮ್ಮ ಹಳೆಯ ಮನೆಯಲ್ಲಿ ಹಗೇವು ಇತ್ತು. ಬೀಜದ ಜೋಳ ಬೇರೆ, ಬೂದಿ ಹಚ್ಚಿ ಗಡಿಗೆಯಲ್ಲಿ ಬಾಯಿ ಕಟ್ಟಿ ಇಡುತ್ತಿದ್ದಳು. ಬರದ ವರ್ಷ ಮಕ್ಕಳು ಹಸಿದು ಅತ್ತರೂ ಆ ಗಡಿಗೆಗೆ ಕೈ ಹಾಕುವ ಹಾಗಿಲ್ಲ. ನುಚ್ಚು ಸಾಲ ತಂದಾಳು, ಬೀಜ ತೆಗೆಯಳು. ಅದು ಹೋದರೆ ಮುಂದಿನ ವರ್ಷವೇ ಹೋಯಿತು ಅನ್ನುತ್ತಿದ್ದಳು. ವಿಲಿಯಂ ಸುಟ್ಟದ್ದು ಆ ಗಡಿಗೆಯನ್ನು. ಲಕ್ಷಕ್ಕೂ ಹೆಚ್ಚು ಜನ ಹಸಿವಿನಿಂದ ಸತ್ತರು ಅಂತ ಆರ್ಡೆರಿಕ್ ಎನ್ನುವ ಸನ್ಯಾಸಿ ಮುಂದೆ ಬರೆದ. ಅವನು ನಾರ್ಮನ್ ಮಠದಲ್ಲಿ ಬೆಳೆದವನು, ವಿಲಿಯಂನನ್ನು ಬೇರೆ ಎಷ್ಟೋ ಕಡೆ ಹೊಗಳಿದವನು. ಇದೊಂದನ್ನು ಮಾತ್ರ ಹೊಗಳಲಾರೆ ಅಂದ. ಸಂಖ್ಯೆ ಹೆಚ್ಚುಕಡಿಮೆ ಇರಬಹುದು. ಆದರೆ ಕಾಕಾ ಹೇಳಿದ ಆ ದಫ್ತರದಲ್ಲೇ, ಹದಿನಾರು ವರ್ಷ ಆದ ಮೇಲೂ, ಯಾರ್ಕ್‌ಷೈರಿನ ಊರು ಊರಿನ ಮುಂದೆ ಒಂದೇ ಮಾತು: ವಾಸ್ಟಾ. ಪಡ ಬಿದ್ದಿದೆ.

ಹುಡುಗನಿಗೆ ಹೇಳಿ ಅಕ್ಕಾ. ಅವರೂ ಹಲಗಲಿಯವರ ಹಾಗೆ ನಿಂತರು. ಹಲಗಲಿಗೆ ಆದದ್ದೇ ಅವರಿಗೂ ಆಯಿತು, ಒಂದು ಊರಿಗಲ್ಲ, ನೂರಾರು ಊರಿಗೆ.

ಕೋರ್ಟ್ ಆವರಣ, ಬೆಳಗಾವಿ

ಮೇಡಂ, ನಿಮ್ಮ ಪಾಠ ಶುರುವಾದದ್ದು ಮಾತಿನಿಂದ. ಅಲ್ಲಿಗೇ ಬರುತ್ತೇನೆ. ನಾನು ಬೆಳಗಾವಿಯಲ್ಲಿ ವಕೀಲಿ ಮಾಡುತ್ತೇನೆ. ಬೆಳಗ್ಗೆಯಿಂದ ಸಂಜೆವರೆಗೆ ನನ್ನ ಬಾಯಲ್ಲಿ ಬರುವ ಮಾತು ನೋಡಿ: ವಕೀಲ, ಅರ್ಜಿ, ಫಿರ್ಯಾದಿ, ಜಾಮೀನು, ಜಪ್ತಿ, ಕೈದಿ, ಹುಕುಂ. ಎಲ್ಲ ಪಾರಸಿ ಅರಬಿಯ ದಾರಿಯಲ್ಲಿ ಬಂದವು. ಸುಲ್ತಾನರು ಹೋಗಿ ಮುನ್ನೂರು ವರ್ಷ ಆಯಿತು, ಮಾತು ಕಚೇರಿಯಲ್ಲಿ ಕೂತಿದೆ. ಇಂಗ್ಲಿಷಿನಲ್ಲಿ ಫ್ರೆಂಚ್ ಉಳಿದದ್ದೂ ಹೀಗೇ. ಮೊದಲು ವಿಲಿಯಂ ತನ್ನ ಆಜ್ಞೆಗಳನ್ನು ಇಂಗ್ಲಿಷಿನಲ್ಲೇ ಬರೆಸುತ್ತಿದ್ದ. 1070ರ ಸುಮಾರಿಗೆ ಅದು ನಿಂತು ಲ್ಯಾಟಿನ್ ಆಯಿತು. ಅದೇ ವರ್ಷ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ (ಚರ್ಚಿನ ಹಿರಿಯ ಗುರು) ಸ್ಟಿಗಾಂಡ್‌ನನ್ನು ಇಳಿಸಿ, ನಾರ್ಮಂಡಿಯಿಂದ ಲ್ಯಾನ್‌ಫ್ರಾಂಕ್‌ನನ್ನು ಕರೆಸಿ ಕೂರಿಸಿದರು. ಧಣಿಗಳ ಮನೆಮಾತು ಫ್ರೆಂಚ್. ಕೋರ್ಟಿನಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಲಿ ಅಂತ ಕಾನೂನು ಬಂದದ್ದು 1362ರಲ್ಲಿ.

ಇನ್ನೊಂದು ಕಾನೂನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮರ್ಡ್ರಂ ದಂಡ. ಒಬ್ಬ ನಾರ್ಮನ್ನನ ಹೆಣ ಸಿಕ್ಕಿ, ಕೊಂದವನನ್ನು ಗಡುವಿನೊಳಗೆ ಹಿಡಿದು ಕೊಡದಿದ್ದರೆ ಸತ್ತವನ ಧಣಿ 46 ಮಾರ್ಕ್ ಬೆಳ್ಳಿ ಕಟ್ಟಬೇಕು. ಧಣಿ ಕಟ್ಟಲಾಗದ್ದನ್ನು ಇಡೀ ಹೋಬಳಿ ತುಂಬಬೇಕು. ಸತ್ತವನು ಇಂಗ್ಲಿಷನೇ ಅಂತ ರುಜುವಾತು ಮಾಡಿದರೆ ದಂಡ ಇಲ್ಲ. ಯೋಚನೆ ಮಾಡಿ, ಊರ ಹೊರಗೆ ಒಂದು ಹೆಣ. ಊರಿನವರು ಮೊದಲು ಹುಡುಕುವುದು ಕೊಂದವನನ್ನಲ್ಲ, ಸತ್ತವನು ನಮ್ಮವನು ಅಂತ ಹೇಳಬಲ್ಲ ಸಂಬಂಧಿಕರನ್ನು! ಕತ್ತಲಲ್ಲಿ ಒಂಟಿ ಸವಾರನ ಮೇಲೆ ಕೈ ಮಾಡುವ ಹುಡುಗನನ್ನು ಅವನ ಊರಿನವರೇ ತಡೆಯುತ್ತಾರೆ. ಪೊಲೀಸ್ ಇಲ್ಲದೆ ಕಾವಲು ಆಯಿತು. ಈ ರುಜುವಾತಿನ ಪದ್ಧತಿ 1340ರವರೆಗೂ ಇತ್ತು. ಅಷ್ಟು ಹೊತ್ತಿಗೆ ಯಾರು ನಾರ್ಮನ್, ಯಾರು ಇಂಗ್ಲಿಷ್ ಅಂತ ಯಾರಿಗೂ ಹೇಳಲು ಆಗುತ್ತಿರಲಿಲ್ಲ.

ಯಾಕೆ ಅಂದರೆ ಮದುವೆಗಳು ಆಗಿಹೋಗಿದ್ದವು. ವಿಲಿಯಂನ ಮಗ ಮೊದಲನೇ ಹೆನ್ರಿಯೇ 1100ರಲ್ಲಿ ಮದುವೆಯಾದದ್ದು ಹಳೆಯ ಸ್ಯಾಕ್ಸನ್ ರಾಜಮನೆತನದ ಹೆಣ್ಣುಮಗಳ ಮಗಳನ್ನು. ಅವಳ ಹೆಸರು ಎಡಿತ್. ರಾಣಿಯಾಗಿ ಮಟಿಲ್ಡಾ ಆದಳು. ಸ್ಯಾಕ್ಸನ್ ತಾಯಂದಿರೂ ಮಕ್ಕಳಿಗೆ ವಿಲಿಯಂ, ರಾಬರ್ಟ್, ರಿಚರ್ಡ್ ಅಂತ ಹೆಸರಿಡತೊಡಗಿದರು.

ಇಂಗ್ಲಿಷ್ ಟೀಚರ್, ಮುಧೋಳ

ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಸೋಮವಾರ, ಪಾಠ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಬೋರ್ಡ್ ಮೇಲೆ ಮೂರು ಕಾಲಂ ಹಾಕಿದೆ: ಊರು, ಆಗ ಯಾರದು, ಈಗ ಯಾರದು. ಮಾರ್ಷ್ ಗಿಬ್ಬನ್, ಎಲ್ರಿಕ್, ನಾರ್ಮನ್ ಧಣಿ. ಯಾರ್ಕ್‌ಷೈರಿನ ಊರುಗಳ ಮುಂದೆ ವಾಸ್ಟಾ ಅಂತ ಬರೆದೆ. ಬೀಜದ ಗಡಿಗೆಯ ಮಾತು ಹೇಳುವಾಗ ಕ್ಲಾಸಿನಲ್ಲಿ ಸದ್ದೇ ಇರಲಿಲ್ಲ. ಅರ್ಧ ಮಕ್ಕಳ ಮನೆಯಲ್ಲಿ ಈಗಲೂ ಅಂಥ ಗಡಿಗೆ ಇದೆ.

ಆ ಹುಡುಗ ಕೊನೆಗೆ ಎದ್ದು, ನಾಲ್ಕನೇ ಕಾಲಂ ಬೇಕು ಅಕ್ಕೋರೆ ಅಂದ. ಏನು ಬರೆಯಲಿ ಅಂತ ಕೇಳಿದೆ. ತಾನೇ ಬಂದು ಸೀಮೆಸುಣ್ಣ ತೆಗೆದುಕೊಂಡು ಮೇಲೆ "ಹೇಗಿದ್ದಾನೆ" ಅಂತ ಬರೆದ. ಅದರ ಕೆಳಗೆ, ಎಲ್ರಿಕ್‌ನ ಸಾಲಿನಲ್ಲಿ, "ಕಷ್ಟದಲ್ಲಿ". ಬೈಲಹೊಂಗಲದ ಕಾಕಾಗೆ ತೋರಿಸಬೇಕು ಅಂತ ಬೋರ್ಡಿನ ಫೋಟೋ ತೆಗೆದಿಟ್ಟಿದ್ದೇನೆ.